ಎರಡನೇ ವಿಸಿಲ್

ಒಂದು ಊದಿದರೆ ನಿಲ್ಲು,
ಎರಡು ಊದಿದರೆ ಹೋಗು.
ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ ಇಪ್ಪತ್ತಾರು ವರ್ಷ
ಇಷ್ಟೇ ಭಾಷೆಯಲ್ಲಿ ಸಂಸಾರ ನಡೆಸಿದವ ನಾನು.

ಈಗ ಬಲಗಿವಿಯ ಒಳಗೆ ಯಾರೋ
ಒಂದನ್ನು ಊದಿ
ಎರಡನೆಯದನ್ನು ಮರೆತಿದ್ದಾರೆ.

ಕಂಕನಾಡಿಯ ಆಸ್ಪತ್ರೆಯಲ್ಲಿ
ದಪ್ಪ ಬಾಗಿಲಿನ ಪೆಟ್ಟಿಗೆಯೊಳಗೆ ಕೂರಿಸಿದರು.
ಗೋಡೆಗೆಲ್ಲ ಸ್ಪಂಜು. ನನ್ನ ಉಸಿರೇ ನನಗೆ ಅಪರಿಚಿತ.
ಶಬ್ದ ಕೇಳಿದರೆ ಬೆರಳೆತ್ತಿ, ಅಂದಳು ಹುಡುಗಿ.
ಎತ್ತಿದೆ. ಮತ್ತೆ ಎತ್ತಿದೆ. ಆಮೇಲೆ ಎತ್ತಿಯೇ ಕೂತೆ,
ಚಿಲ್ಲರೆ ಬಾಕಿ ಇರುವ ಪ್ಯಾಸೆಂಜರಿನಂತೆ.
ಗಾಜಿನಾಚೆ ಅವಳು ನನ್ನನ್ನೇ ನೋಡುತ್ತಿದ್ದಳು:
"ಅಂಕಲ್, ನಾನಿನ್ನೂ ಶುರು ಮಾಡಲಿಲ್ಲ."

"ಟಿನಿಟಸ್" ಅಂದರು ಡಾಕ್ಟ್ರು.
ನನಗೆ ಕೇಳಿದ್ದು "ಟಿಕೆಟ್ಸ್".
ಕೈ ತನ್ನಷ್ಟಕ್ಕೇ ಚರ್ಮದ ಚೀಲ ಹುಡುಕಿತು.
ಗುಣ ಆಗ್ತದಾ, ಕೇಳಿದಳು ವಾರಿಜ.
ಕೆಳಗಿಳಿಸಲಿಕ್ಕೆ ಆಗುವುದಿಲ್ಲ,
ಒಂದು ಸೀಟು ಕೊಟ್ಟು ಕೂರಿಸಿ,
ಸ್ವಲ್ಪ ದಿನ ಹೋದರೆ ಬಸ್ಸಿನಲ್ಲಿ ಉಂಟು ಅಂತಲೇ ನೆನಪಿರುವುದಿಲ್ಲ.
ಡಾಕ್ಟ್ರು ಹೀಗೆ ಹೇಳಲಿಲ್ಲ.
ಅವರು ಹೇಳಿದ್ದನ್ನು ನಾನು
ನನ್ನ ಭಾಷೆಗೆ ಮಾಡಿಕೊಂಡದ್ದು.

ಹಗಲು ಸುಲಭ. ಹಗಲಿಗೆ ಹಂಪನಕಟ್ಟೆ ಉಂಟು,
ಧಕ್ಕೆಯಲ್ಲಿ ಬಂಗುಡೆಯ ಚೌಕಾಸಿ ಉಂಟು,
ವಾರಿಜಳ ಮಿಕ್ಸಿ ಉಂಟು. ಅದಕ್ಕೆ ಮಾತ್ರ ಕಿವಿಗೆ ಹತ್ತಿ.
ಉಪ್ಪಿನಕಾಯಿ ಕಡಿಮೆ ಮಾಡಿದ್ದೇನೆ, ಮೂರನೇ ಚಾ ಬಿಟ್ಟಿದ್ದೇನೆ.
ಸಿಟ್ಟು ಬಂದ ದಿನ ಅದು ಜೋರು,
ಅಳಿಯ ಸಾಲದ ಮಾತು ತೆಗೆದ ದಿನ ಇನ್ನೂ ಜೋರು.
ಹಾಗಾಗಿ ಒಂದು ನೋಟ್‌ಬುಕ್: ಟ್ರಿಪ್ ಶೀಟಿನ ಹಾಗೆ ಗೆರೆ ಎಳೆದು
ತಾರೀಕು, ನಿದ್ದೆ ಎಷ್ಟು, ಶಬ್ದ ಎಷ್ಟು,
ದಿನದ ಕಲೆಕ್ಷನ್ ಬರೆಯುತ್ತೇನೆ.

ರಾತ್ರಿ ಎಂದರೆ ಖಾಲಿ ಬಸ್ಸು.
ಡಿಸೆಂಬರಿನಲ್ಲೂ ಫ್ಯಾನು ಮೂರರಲ್ಲಿ.
ವಾರಿಜ ತಲೆಯವರೆಗೆ ಹೊದ್ದು ಮಲಗುತ್ತಾಳೆ,
ಒಂದು ದಿನ ಗೊಣಗಿದವಳಲ್ಲ;
ಗೊಣಗಿದ್ದರೂ, ಅವಳು ಮಲಗುವುದು ನನ್ನ ಬಲಕ್ಕೆ.
ರೇಡಿಯೋವನ್ನು ಬೇಕೆಂತಲೇ ತಪ್ಪಿಸಿ ಇಡುತ್ತೇನೆ.
ಎರಡು ಸ್ಟೇಷನ್ನುಗಳ ನಡುವೆ ಒಂದು ಸೊರಸೊರ ಉಂಟಲ್ಲ,
ಪಣಂಬೂರಿನ ಕಡಲು ಗೋಡೆಯಾಚೆ ಇದ್ದ ಹಾಗೆ, ಅದು ಬೇಕು.
ಜೋರಾಗಬಾರದು. ವಿಸಿಲ್ ಪೂರ್ತಿ ಮುಳುಗಬಾರದು,
ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತಿರಬೇಕು.

ಹೋದ ಮಂಗಳವಾರ ಎರಡು ಗಂಟೆಗೆ ಕರೆಂಟು ಹೋಯಿತು.
ಫ್ಯಾನು ನಾಲ್ಕು ಸುತ್ತು ಸುಮ್ಮನೆ ತಿರುಗಿ ನಿಂತಿತು,
ರೇಡಿಯೋದ ಕಡಲು ಬತ್ತಿತು.
ಆಗ ಬಂತು ನೋಡಿ.
ಎದ್ದು ಕೂತೆ. ಯಾಕೋ ಕೂಳೂರು ನೆನಪಾಯಿತು:
ಮೀನಿನ ಹೆಂಗಸಿನ ಒಂದು ಕಾಲು ಇನ್ನೂ ಮೆಟ್ಟಿಲಲ್ಲಿದ್ದಾಗ
ನಾನು ಎರಡನೆಯದು ಊದಿದ್ದು.
ಏನೂ ಆಗಲಿಲ್ಲ. ಮೊಣಕೈ ತರಚಿತು,
ಬುಟ್ಟಿಯ ಬೂತಾಯಿ ರಸ್ತೆಯಲ್ಲೆಲ್ಲ ಬೆಳ್ಳಗೆ.
ಅವಳು ಏನೋ ಕೂಗಿ ಹೇಳಿದಳು.
ಹಿಂದಿನ ಬಸ್ಸು ಬರುತ್ತಿತ್ತು, ಟೈಮಿಂಗು,
ಕೇಳಲಿಕ್ಕೆ ನಿಲ್ಲಲಿಲ್ಲ.

ಕತ್ತಲಲ್ಲಿ ವಾರಿಜ ಕೇಳಿದಳು, "ಇವತ್ತು ಎಂತ ಹೇಳ್ತದೆ?"
"ನಿಲ್ಲು ಅಂತ."
ಎದ್ದು ಹೋಗಿ ನಲ್ಲಿಯನ್ನು ಸಣ್ಣಗೆ ತೆರೆದು
ಕೆಳಗೆ ಸ್ಟೀಲಿನ ಚೆಂಬು ಇಟ್ಟು ಬಂದಳು.
ಆ ರಾತ್ರಿ ಎಡಕ್ಕೆ ಮಲಗಿದಳು.

ಮರುದಿನ ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ
ಇದ್ದಿನಬ್ಬ ಸಿಕ್ಕಿದ, ನನ್ನ ಡ್ರೈವರ್.
ಎಲ್ಲ ಕೇಳಿ, ಬಿಸ್ಕೂಟು ಅದ್ದುತ್ತ ಅಂದ:
"ನನಗೆ ಎರಡು ಕಿವಿಯಲ್ಲೂ ಉಂಟು ಮಾರಾಯ,
ನಾನದು ಇಂಜಿನು ಅಂತ ಮಾಡಿದ್ದೆ."
ಸ್ಟೇರಿಂಗು ಬಿಟ್ಟು ಆರು ವರ್ಷ ಆಯಿತಲ್ಲ ಅಂದೆ.
ಹೌದಲ್ಲ, ಅಂದ. ಬಿಸ್ಕೂಟು ಚಾದೊಳಗೆ ಕಡಿದು ಬಿತ್ತು.

ನಮ್ಮ ರೂಟಿನ ಹೊಸ ಬಸ್ಸು ಹೊರಡುವ ಹೊತ್ತು.
ಫುಟ್‌ಬೋರ್ಡಿನ ಹುಡುಗ ಕೆನ್ನೆ ಉಬ್ಬಿಸಿ ಊದಿದ,
ಒಂದು.
ಗ್ಲಾಸು ಕೈಯಲ್ಲೇ ಹಿಡಿದು
ಇಬ್ಬರೂ ಕಾದೆವು.