ಅಂದಾಜ

ನಳ ಬಂದ ದಿನ ಕೊಡ ಹೊತ್ತು ಜಾರಿ
ದಾನವ್ವ ಬಲಗೈ ಮುರಕೊಂಡ್ಳು.
ಜಮಖಂಡಿ ಡಾಕ್ಟರು ಬೆರಳ ತುದಿ ಅಷ್ಟ ಬಿಟ್ಟು
ಮೊಣಕೈತನಕ ಪ್ಲಾಸ್ಟರ್ ಸುತ್ತಿ ಕಳಿಸಿದ್ರು.
ಬನಹಟ್ಟಿಯೊಳಗ ನಮ್ಮ ಎರಡು ಮಗ್ಗ
ಕಂಡಿಕಿ ಸುತ್ತೋರಿಲ್ಲದ ನಿಂತವು.
ಒಲಿನೂ ನಿಂತಿತು.

ಮೂರು ದಿನ ಖಾನಾವಳಿ ಡಬ್ಬಿ.
ನಾಕನೇ ದಿನ ಅಕಿ ಅಂದ್ಳು:
“ಬಾಯಿ ಸತ್ತ ಹೋಗೇತಿ.
ಸುಟ್ಟ ಪಲ್ಯ ಮಾಡ್ರಿ. ಸಿಹಿನೂ ಇರಲಿ, ಖಾರಾನೂ ಇರಲಿ.
ನಾ ಹೇಳ್ತೀನಿ, ನೀವು ಮಾಡ್ರಿ.”

ಹಿತ್ತಲ ಹೊಸ್ತಿಲ ಮ್ಯಾಲ ಕುಂತ್ಳು
ಮುರಿದ ಕೈ ಮಡಿಲಾಗ ಮಲಗಿಸಿಕೊಂಡು,
ಬ್ಯಾರೇ ಯಾರದೋ ಕೂಸು
ಚೂರು ಹೊತ್ತು ಹಿಡಕೋ ಅಂತ ಕೊಟ್ಟು ಹೋದಂಗ.

ಹತ್ತಿಕಟಿಗಿ ಒಟ್ಟಿದೆ.
ಉರಿ ಇಳಿದು ಕೆಂಡ ಬೂದಿ ಹೊದ್ದ ಮ್ಯಾಲ
ಗೆಣಸು ಮೊದಲು ಹೂತೆ,
ಆಮ್ಯಾಲ ಸಿಪ್ಪಿ ಸಮೇತ ಉಳ್ಳಾಗಡ್ಡಿ,
ಎರಡು ಗಜ್ಜರಿ, ಕಡೀಕ
ಎಣ್ಣಿ ಸವರಿದ ಮುಳಗಾಯಿ.

“ಎಷ್ಟು ಹೊತ್ತು?”
“ವಾಸನಿ ಬರೂತನಕ.”
“ಅಂದ್ರ ಎಷ್ಟು ನಿಮಿಷ?”
“ಗಡಿಯಾರಕ್ಕ ಮೂಗ ಇರತೈತೇನು?”

ನಾ ಎಣಿಸಿ ಬದುಕಿದಾಂವ.
ಹಾಸಿನಾಗ ಎಳಿ ಎಷ್ಟು, ಅಂಚಿಗೆ ಎಷ್ಟು,
ಸೆರಗಿನ ಒಂದು ಹೂವಿಗೆ
ಲಾಳಿ ಎಷ್ಟು ಸಲ ಓಡಬೇಕು,
ನಿದ್ದಿಯೊಳಗ ಕೇಳಿದ್ರೂ ಹೇಳ್ತೀನಿ.
ಒಂದು ಎಳಿ ತಪ್ಪಿದ್ರ ಸಾವಕಾರ
ಸೀರಿ ಬೆಳಕಿಗೆ ಹಿಡಿದು ಬೆರಳಿಟ್ಟು ತೋರಸ್ತಾನ,
ಕೂಲಿಯೊಳಗ ಮುರಕೋತಾನ.

ಮುಳಗಾಯಿ ಉಸ್ ಅಂತ ಕುಸೀತು.
ಗೆಣಸಿನ ಒಡಕಿನಾಗಿಂದ ಪಾಕ ಜಿನುಗಿ
ಕೆಂಡದ ಮ್ಯಾಲ ಬಿದ್ದು ಚುರ್ ಅಂದಾಗ
ಓಣಿ ನಾಯಿ ಬಂದು ಬೇಲಿ ಆಚೆ ಕುಂತಿತು.
ಬೆರಳು ಸುಡಿಸಿಕೋತ ಸಿಪ್ಪಿ ಬಿಡಿಸಿದೆ.

“ಬೆಲ್ಲ ಎಷ್ಟು?”
“ಅಂದಾಜ.”
“ಉಪ್ಪು?”
“ಅಂದಾಜ.”
“ಅಂದಾಜ ಅಂದ್ರ ಎಷ್ಟ ದಾನವ್ವಾ?”
ತೋರಸಬೇಕಂತ ಅಕಿ ಬಲಗೈ ಎತ್ತಿದ್ಳು.
ಮೂರು ಬೆರಳು ಕೂಡೋ ಜಾಗದಾಗ
ತುದಿ ತುದಿ ಮುಟ್ಟಲಿಲ್ಲ.
ಬಿಳೇ ಗಡ್ಡಿ ಒಂದು ಗಾಳಿಯೊಳಗ ನಿಂತಿತು.
ಇಪ್ಪತ್ತಾರು ವರ್ಷ ನಾ ಉಂಡ ಅಳತಿ
ಅದರೊಳಗ ಬಾಗಿಲ ಹಾಕ್ಕೊಂಡು ಕುಂತಿತ್ತು.
ಇಬ್ಬರೂ ಅದನ್ನ ನೋಡಿದ್ವಿ.
ಅಕೀನ ಮೊದಲ ನಕ್ಕಳು.

ನಾ ಶ್ಯಾಣ್ಯಾತನ ಮಾಡಿ ಅಂದೆ:
“ಸಿಹಿ ಹಾಸು, ಖಾರ ಹೊಕ್ಕು. ಹೌದಿಲ್ಲ?”
“ಮಾತು ಆಮ್ಯಾಲ ನೇಯ್ರಿ.
ಬಳ್ಳೊಳ್ಳಿ ಹೊತ್ತಾಕತ್ತೇತಿ.”
ಖರೇನ ಹೊತ್ತಿತ್ತು, ಒಂದು ಮಗ್ಗಲ.

ಒಗ್ಗರಣಿ, ಹುಂಚಿಹಣ್ಣಿನ ರಸ,
ಕೆಂಡದಾಗ ಸುಟ್ಟ ನಾಕು ಹಸಿಮೆಣಸಿನಕಾಯಿ,
ಗುರೆಳ್ಳ ಹಿಂಡಿ ಮ್ಯಾಲ ಉದುರಿಸಿ
ಕಣ್ಣು ಮುಚ್ಚಿ ಬೆಲ್ಲ ಹಾಕಿದೆ.
ಕೈ ನಡುಗಿತು. ಐದುನೂರು ರೂಪಾಯಿ ಜರಿ
ಕತ್ತರಿಸುವಾಗಲೂ ನಡುಗದ ಕೈ.

ಕಟಕ ರೊಟ್ಟಿ ಬುಟ್ಟಿಯೊಳಗ ಹನ್ನೊಂದು ಉಳಿದಿದ್ವು.
ಜಾರೂ ಹಿಂದಿನ ದಿನ ಅಕಿ ಬಡಿದಿಟ್ಟದ್ದು.
ಒಂದು ಮುರಿದೆ. ಮುರಿದ ಸಪ್ಪಳಕ್ಕ
ಅಕಿ ತನ್ನ ಕೈ ನೋಡಿಕೊಂಡ್ಳು.
ಪಲ್ಯ ಹಚ್ಚಿ ಬಾಯಿಗಿಟ್ಟೆ.
ಮದವಿ ದಿನ ಮಂದಿ ಹುರಿದುಂಬಿಸಿ ಇಡಿಸಿದ್ದು ಬಿಟ್ರ
ಇದ ಮೊದಲ ತುತ್ತು.

ಭಾಳ ಹೊತ್ತು ಅಗದ್ಳು.
“ಬೆಲ್ಲ ಹೆಚ್ಚಾತು. ಉಪ್ಪ ಮರತೀರಿ.
ಗೆಣಸು ಒಂದೀಟು ಹಸಿ ಐತಿ,” ಅಂದು
ಮತ್ತ ಬಾಯಿ ತೆರದ್ಳು.

ನಡುರಾತ್ರಿ ಎಬ್ಬಿಸಿದ್ಳು.
ಪ್ಲಾಸ್ಟರ್ ಅಂಚಿಗೆ ರಸ ಸೋರಿತ್ತೇನೋ,
ಕೆಂಪಿರುವಿ ಸಾಲ ಹಚ್ಚಿ ಏರಾಕತ್ತಿದ್ವು,
ಲಾಳಿ ಹಂಗ ಹೋಗೂದು ಬರೂದು.
ಲೈಟ್ ಹಚ್ಚಿ, ಅಕಿ ಕೈ ತೊಡಿಮ್ಯಾಲ ಇಟ್ಟುಕೊಂಡು
ಒಂದೊಂದ ಊದಿ ತೆಗದೆ.
“ಎಷ್ಟಿದ್ವು?” ಅಂದ್ಳು, ನಿದ್ದಿಗಣ್ಣಾಗ.
ಎಣಿಸಿರಲಿಲ್ಲ ನಾ.
“ಅಂದಾಜ ಒಂದು ಚಿಟಿಕಿ,” ಅಂದೆ.