ಪಾಯಿಂಟ್ ಎಂಟು ಐದು

ಲಿಂಡ್ಸೆ ಕ್ರದರ್ಸ್ ಬರೆದ ನಕ್ಷೆ
ಬಿಚ್ಚಿದಷ್ಟೂ ಸುರುಳಿ ಸುತ್ತಿಕೊಳ್ಳುತ್ತದೆ.
ನಾಲ್ಕು ಮೂಲೆಗೆ ನಾಲ್ಕು ಭಾರ ಬೇಕು:
ಸ್ಟೇಪ್ಲರ್, ಚಹಾದ ಮಗ್ಗು, ತುಕ್ಕು ಹಿಡಿದ ಫ್ಲೇಂಜು,
ನನ್ನ ಎಡಗೈ.

ಈಗ ಯಾರೂ ಕಾಗದದಲ್ಲಿ ಕಳಿಸುವುದಿಲ್ಲ. ಆತ ಕಳಿಸುತ್ತಾನೆ.
ಎಪ್ಪತ್ತೊಂದು ವಯಸ್ಸು,
ನಾರ್ತ್ ಜೀಲಾಂಗಿನಲ್ಲಿ ತಗಡಿನ ಷೆಡ್ಡು,
ಪೆನ್ಸಿಲ್ಲಿನ ಗೆರೆ ಮಾತ್ರ ಇನ್ನೂ ಕೂದಲೆಳೆ.

ಉಣ್ಣೆಗೆ ಬಣ್ಣ ಕಟ್ಟುವ ಗಿರಣಿಗೊಂದು ಆವಿಯ ಪಾತ್ರೆ.
ಅಡ್ಡಳತೆ ಒಂದು ಮೀಟರು ಎಂಬತ್ತು,
ಒಳಗಿನ ಒತ್ತಡ ಸಾವಿರ ಕಿಲೋಪಾಸ್ಕಲ್,
ಹೊರಗೆ, ಎಂದಾದರೂ ಒಬ್ಬ ರಾತ್ರಿಪಾಳಿಯವನು,
ಬೆನ್ನು ಕಾಯಿಸಿಕೊಳ್ಳುತ್ತ.

ನನ್ನ ಕೆಲಸ ಅನುಮಾನ.
ಅದಕ್ಕೇ ಸಂಬಳ.
ಬರೆದ ಕೈ ಒಂದಾದರೆ ನೋಡುವ ಕಣ್ಣು ಇನ್ನೊಂದಿರಬೇಕು
ಎನ್ನುತ್ತದೆ ನಿಯಮ; ಒಂದೇ ಮೈಯ ಕೈ, ಕಣ್ಣು
ಬಲುಬೇಗ ಒಂದನ್ನೊಂದು ಕ್ಷಮಿಸಿಬಿಡುತ್ತವೆ.

ತಲೆಭಾಗದ ಬಾಗು ಸರಿ. ನಾಜಲ್ ಸುತ್ತಿನ ಪಟ್ಟಿ ಸರಿ.
ಸೇಫ್ಟಿ ವಾಲ್ವು ಸರಿ. ಕಾಲುಗಳು
ಕೊರಿಯೋ ಕೊಲ್ಲಿಯ ಗಾಳಿಗೂ ಸರಿ, ನಡುಗುವ ನೆಲಕ್ಕೂ ಸರಿ.
ಹದಿನಾಲ್ಕನೆಯ ಹಾಳೆ, ಬೆಸುಗೆಯ ಲೆಕ್ಕ:
ಅಲ್ಲಿ ಬರೆದಿದ್ದಾನೆ, ಒಂದು.
ಬರೀ ಒಂದು.

ಒಂದು ಎಂದರೆ ಬೆಸೆದ ಗೆರೆ
ಹುಟ್ಟಾ ಉಕ್ಕಿನಷ್ಟೇ ಗಟ್ಟಿ ಎಂದು.
ಉದ್ದಕ್ಕೂ ಎಕ್ಸ್‌ರೇ ಹಿಡಿದು ನೋಡಿದವರ ಮಾತು ಅದು.
ನಕ್ಷೆಯಲ್ಲಿ ಎಕ್ಸ್‌ರೇಯ ಸುದ್ದಿಯೇ ಇಲ್ಲ.
ಅಲ್ಲೊಂದು ಇಲ್ಲೊಂದು ಕಡೆ ಇಣುಕುವುದಾದರೆ
ಪಾಯಿಂಟ್ ಎಂಟು ಐದು. ಆಗ
ಹತ್ತು ಮಿಲಿಮೀಟರಿನ ತಗಡು ಸಾಲದು, ಹನ್ನೆರಡು ಬೇಕು.

ಎರಡು ಮಿಲಿಮೀಟರು:
ಮೇಜಿಗೆ ತಾಗಿ ಸದ್ದು ಮಾಡುವ ನನ್ನ ಬಳೆಯ ದಪ್ಪ.

ಫೋನಿನಲ್ಲಿ ಸಿಡಿದ.
"ನಲವತ್ತಾರು ವರ್ಷ. ನಾನು ಬೆಸೆದದ್ದು ಒಂದೂ ಬಿಟ್ಟಿಲ್ಲ."
"ನೀವೇ ಬೆಸೆಯುತ್ತೀರೆಂದು ನಕ್ಷೆಯಲ್ಲಿ ಇಲ್ಲವಲ್ಲ."
ಆಚೆ ಗ್ರೈಂಡರಿನ ಕಿರುಚಾಟ. ಯಾರೋ ಆರಿಸಿದರು.
"ಇಲ್ಲ," ಎಂದ ಆಮೇಲೆ. "ಕೈ ನಡುಗುತ್ತದೆ ಈಗ.
ಬೆಸೆಯುವವನು ನಾರ್ಲೇನಿನ ಕರೆನ್ ಹುಡುಗ, ಡೋ ವಾ.
ನನಗಿಂತ ಚೆನ್ನಾಗಿ ಬೆಸೆಯುತ್ತಾನೆ, ಅವನಿಗೆ ಹೇಳಬೇಡ."
"ಎಕ್ಸ್‌ರೇ ಹಿಡಿಸಿ, ಇಲ್ಲ ದಪ್ಪ ತಗಡು ತನ್ನಿ."
"ಎರಡಕ್ಕೂ ದುಡ್ಡು."
"ಹೌದು."

ಮೂರನೆಯ ವಾರ ಹೊಸ ಹಾಳೆ ಬಂತು.
ಒಂದನ್ನು ರಬ್ಬರಿನಿಂದ ಉಜ್ಜಿರಲಿಲ್ಲ.
ಅಡ್ಡಗೆರೆ ಎಳೆದು, ಪಕ್ಕದಲ್ಲಿ ಪಾಯಿಂಟ್ ಎಂಟು ಐದು,
ಅದರ ಪಕ್ಕ ತಾರೀಖು, ಸಹಿ.
ನಾನೂ ಸಹಿ ಹಾಕಿದೆ. ಅರ್ಜಿ ಹೋಯಿತು.

ಅರ್ಜಿ ಕೇಳುತ್ತದೆ: ಗಾತ್ರವೆಷ್ಟು, ಒತ್ತಡವೆಷ್ಟು,
ಅಪಾಯದ ಮಟ್ಟ ಯಾವುದು, ನಕ್ಷೆ ಯಾರದು,
ನೋಡಿದವರು ಯಾರು, ಶುಲ್ಕ ಕಟ್ಟಿದಿರಾ.
ಬೆನ್ನು ಕಾಯಿಸಿಕೊಳ್ಳುವವನ ಹೆಸರಿಗೆ ಅಲ್ಲಿ ಚೌಕವಿಲ್ಲ.

ಶುಕ್ರವಾರ ಶುಕ್ರವಾರ ಲಿಂಡ್ಸೆಯ ಕರೆ:
"ನಿನ್ನ ಹನ್ನೆರಡು ಮಿಲಿಮೀಟರು ಅಂಗಳದಲ್ಲಿ ಕೆಂಪಾಗುತ್ತಿದೆ."
ಬೇಯುವ ತನಕ ಕಾದವರು ಆರುವ ತನಕ ಕಾಯಲಾರರೇ
ಎನ್ನುತ್ತಿದ್ದಳು ನನ್ನ ಸೋದರತ್ತೆ.
ಇಲ್ಲಿ ಬೇಯಲು ಇಟ್ಟೇ ಇಲ್ಲ, ಅತ್ತೆ.
ಪಾತ್ರೆಯೇ ಇನ್ನೂ ಕಾಗದ.

ಕೊನೆಗೆ ಬಂತು ಸಂಖ್ಯೆ. ಪತ್ರ ಒಂದೇ ಪುಟ.
ಪಾತ್ರೆ ಗಟ್ಟಿಯೆಂದು ಅದರಲ್ಲಿ ಯಾರೂ ಹೇಳಿಲ್ಲ.
ನಾಳೆ ಏನಾದರೂ ಆದರೆ ಯಾವ ಬಾಗಿಲು ತಟ್ಟಬೇಕೆಂದು
ಬರೆದಿಟ್ಟುಕೊಂಡಿದ್ದಾರೆ, ಅಷ್ಟೆ. ಬಾಗಿಲು ಎರಡು.
ಒಂದು ನನ್ನದು;
ಆ ರಾತ್ರಿ ಎದ್ದು ಚಿಲಕ ನೋಡಿದೆ, ಯಾಕೋ.

ಮೇ ತಿಂಗಳು ಷೆಡ್ಡಿಗೆ ಹೋದಾಗ
ಪಾತ್ರೆ ನೀರು ತುಂಬಿಸಿಕೊಂಡು ಪರೀಕ್ಷೆಗೆ ಮಲಗಿತ್ತು.
ಡೋ ವಾ ಟಾರ್ಚ್ ಹಿಡಿದು ತನ್ನ ಗೆರೆಗಳನ್ನು
ಒಂದೊಂದಾಗಿ ಒರೆಸಿ ನೋಡುತ್ತಿದ್ದ, ಬೆವರಿದೆಯೇ ಎಂದು.
ಹೆಸರಿನ ಫಲಕಕ್ಕೆ ಸಂಖ್ಯೆಯನ್ನು ಮುದುಕನೇ ಹೊಡೆದಿದ್ದ,
ಅಂಕಿಗೊಂದು ಉಳಿ, ಉಳಿಗೊಂದು ಏಟು.
ಏಳು ವಾಲಿತ್ತು, ಗಾಳಿಗೆ ಸಿಕ್ಕಿದವನಂತೆ.

"ಇದನ್ನೂ ವಾಪಸು ಕಳಿಸುತ್ತೀಯಾ?"

ಬಗ್ಗಿ ನೋಡಿದೆ. ಬೆರಳಾಡಿಸಿದೆ.
"ಓದಲು ಬರುತ್ತದೆ" ಎಂದೆ.