ಒಳಮಡಿಕೆ

ಕಾಗದ ಬಂದು ಹನ್ನೊಂದು ದಿನ.
ಉಪ್ಪಿನ ಡಬ್ಬಿಯ ಕೆಳಗೆ ಮಡಿಸಿಟ್ಟಿದ್ದೇನೆ.
ಕಂಬದ ಮೇಲಿನ ರೈಲು ಹಾದಾಗಲೆಲ್ಲ
ಡಬ್ಬಿ ಗುಲಗಂಜಿಯಷ್ಟು ಸರಿಯುತ್ತದೆ,
ಅಂಚು ಅಷ್ಟಷ್ಟೇ ಇಣುಕುತ್ತದೆ:
ಬಾಡಿಗೆದಾರರು ಇಬ್ಬರು.
ಸ್ಮರಾಂದಾ. ಹೊರಿಯಾ.

ಕೆಳಗೆ ಎರಡು ಚೌಕ.
ಒಂದು ವರ್ಷಕ್ಕಾದರೆ ನೂರಕ್ಕೆ ಮೂರು ಏರಿಕೆ,
ಎರಡಕ್ಕಾದರೆ ನಾಲ್ಕೂವರೆ.
ಒಂದಕ್ಕೆ ಗುರುತು ಹಾಕಿ, ಇಬ್ಬರೂ ಸಹಿ ಮಾಡಿ,
ಅರವತ್ತು ದಿನದೊಳಗೆ ಕಳಿಸಿ.
ಮದುವೆಯ ದಿನ ಬ್ರಾಯ್ಲಾದ ಗುಮಾಸ್ತ ಕೂಡ
ಎಷ್ಟು ದಿನಕ್ಕೆ ಅಂತ ಕೇಳಿರಲಿಲ್ಲ.

ಮಾರ್ಚಿನಲ್ಲಿ ನಾವು ಬೇರೆಯಾದೆವು.
ಬೇರೆಯಾಗುವುದೆಂದರೆ ಸನ್ನಿಸೈಡಿನಲ್ಲಿ
ಅವನು ಸೋಫಾಕ್ಕೆ ಹೋಗುವುದು.
ಹೊಸಿಲು ದಾಟಿದವರು ಇದೇ ಬೀದಿಯಲ್ಲಿ
ಇಷ್ಟೇ ಅಗಲದ ಗೋಡೆಗಳಿಗೆ ಎರಡರಷ್ಟು ಎಣಿಸಬೇಕು.
ಇಪ್ಪತ್ತಾರು ವರ್ಷ ಕಾನೂನು ಹಗ್ಗ ಹಿಡಿದು ನಿಲ್ಲಿಸಿದ ಬಾಡಿಗೆ ಇದು,
ಬಿಟ್ಟರೆ ಬಿಟ್ಟಂತೆ.
ಹಾಗಾಗಿ ಒಲೆ ಒಂದು, ಅಡುಗೆ ಎರಡು.
ಫ್ರಿಜ್ಜಿನ ಮೇಲಿನ ಹಲಗೆ ನನ್ನದು, ಕೆಳಗಿನದು ಅವನದು,
ಮೊಟ್ಟೆ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ.

ಹೊರಿಯಾ ಲೆಕ್ಕದ ಮನುಷ್ಯ.
ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಚೀಟಿ ಹರಿದು ಹರಿದು
ಲೋಕವನ್ನು ಅರ್ಧ ಗಂಟೆಗಿಷ್ಟು ಎಂದೇ ಕಂಡವನು.
ಕೋಟು ಬಿಚ್ಚದೆ ಲಕೋಟೆಯ ಬೆನ್ನಿಗೆ ಬರೆದ:
ಬೇಸಿಗೆಗೆ ಮಂಡಳಿ ಮತ್ತೆ ಕೂರುತ್ತದೆ.
ಮುಂದಿನ ಸಲವೂ ಮೂರೇ ಏರಿದರೆ ಹೆಚ್ಚುಕಮ್ಮಿ ಸಮ,
ಅದನ್ನು ದಾಟಿದರೆ ಎರಡು ವರ್ಷವೇ ಲಾಭ.

"ಲಾಭ ಯಾರಿಗೆ?" ಅಂದೆ.
"ಮನೆಗೆ" ಅಂದ.

ಆ ಪದ ನಮ್ಮಿಬ್ಬರ ನಡುವೆ
ಬಾಲ ಮುದುರಿದ ನಾಯಿಯ ಹಾಗೆ ನಿಂತಿತು,
ಯಾರ ಬಳಿ ಹೋಗಬೇಕೋ ತಿಳಿಯದೆ.

ನಾನು ಡ್ರೈಕ್ಲೀನರ್ ಅಂಗಡಿಯ ಕಿಟಕಿಯಲ್ಲಿ ಕೂತು
ಕಂಡವರ ಪ್ಯಾಂಟು ಗಿಡ್ಡ ಮಾಡುವವಳು.
ಎಷ್ಟೇ ಮೋಟು ಮಾಡೆಂದರೂ
ಬಟ್ಟೆಯನ್ನು ಅಂಚಿಗೇ ಕತ್ತರಿಸುವುದಿಲ್ಲ;
ಒಳಗೆ ಎರಡು ಬೆರಳು ಮಡಿಸಿ ಬಿಡುತ್ತೇನೆ,
ನಾಳೆ ಮನಸ್ಸು ಬದಲಾದರೆ ಬಿಚ್ಚಿಕೊಳ್ಳಲಿ ಅಂತ.
ಅದು ಕೂಲಿಗೆ ಸೇರಿದ್ದಲ್ಲ, ಕೇಳಿದವರೂ ಇಲ್ಲ.
ನನ್ನ ಸರದಿ ಬಂದಾಗ ಮಾತ್ರ
ಕತ್ತರಿ ಅಂಚಿಗೇ ಓಡುತ್ತದೆ:
ಒಂದೇ ವರ್ಷ. ಹನ್ನೆರಡು ಚೆಕ್ಕು.
ಆಮೇಲೆ ಯಾರಾದರೊಬ್ಬರು ಗಟ್ಟಿ ಮನಸ್ಸು ಮಾಡಲಿ.

ಮೇಲ್ಮನೆಯ ದೋನ್ಯಾ ಎಲ್ವಿರಾ
ಮೆಟ್ಟಿಲಲ್ಲಿ ಚೀಲ ಇಳಿಸಿ ನಕ್ಕಳು:
"ನಾನು ಯಾವಾಗಲೂ ಒಂದಕ್ಕೇ ಗೀಟು ಹಾಕಿದವಳು ಮಗಳೇ,
ಬರುವ ವರ್ಷ ಕಾಲಿಗೆ ಹೋಗುವವಳಲ್ಲವೇ,
ನಮ್ಮ ಕೊಲಂಬಿಯಾದ ಕಾಲಿಗೆ.
ಹೀಗೆ ಮೂವತ್ತೊಂದು ಸಲ."

ಶನಿವಾರ ಎಲೆಕೋಸು ಉಪ್ಪಿಗೆ ಹಾಕಿದೆವು.
ಬೇರೆಯಾದವರು ಯಾಕೆ ಜೊತೆಗೆ ಹಾಕಿದಿರಿ ಅಂದರೆ,
ಪೀಪಾಯಿ ಬೆಂಕಿಮೆಟ್ಟಿಲಿಗೆ ಎತ್ತಿಡಲು ನಾಲ್ಕು ಕೈ ಬೇಕು.
"ಎಷ್ಟು ಗಡ್ಡೆ?" ಎಂದು ಕೇಳಿದ.
ಹತ್ತು ಅನ್ನಲು ಹೋದವಳು ಇಪ್ಪತ್ತು ಅಂದೆ.
ಅವನು ಲೆಕ್ಕ ಹಾಕಲಿಲ್ಲ. ಹೆಚ್ಚತೊಡಗಿದ.

ನಿನ್ನೆ ರಾತ್ರಿ ಡಬ್ಬಿ ಸರಿಸಿ
ದರ್ಜಿಯ ಸೀಮೆಸುಣ್ಣದಲ್ಲಿ, ಒರೆಸಿದರೆ ಹೋಗುವ ಹಾಗೆ,
ಎರಡನೇ ಚೌಕಕ್ಕೆ ಸಣ್ಣ ಗೀಟೆಳೆದು ಮಲಗಿದೆ.
ಬೆಳಿಗ್ಗೆ ನೋಡಿದರೆ ಗೀಟಿಲ್ಲ,
ಬಿಳಿ ಮಸುಕಷ್ಟೇ ಇದೆ.
ಮೊದಲನೇ ಚೌಕದಲ್ಲಿ ನೀಲಿ ಶಾಯಿ.
ಕೆಳಗೆ ಅವನ ಸಹಿ,
ಒತ್ತಿ ಬರೆದು ಹಿಂಬದಿಗೂ ಮೂಡಿದೆ.

ಲೆಕ್ಕದ ಮನುಷ್ಯ
ತಿಳಿದೂ ತಿಳಿದೂ ನಷ್ಟಕ್ಕೆ ಗುರುತು ಹಾಕಿದ್ದ.
ನನಗೆ ಬೇಕೆಂದುಕೊಂಡಿದ್ದೇ ಅದು.
ಪೆನ್ನು ತೆಗೆದೆ. ಮುಚ್ಚಳ ಕಚ್ಚಿ ನಿಂತೆ.

ಕಿಟಕಿಯಾಚೆ ಕೋಟು ತೊಟ್ಟು ಕುಕ್ಕರಗಾಲಲ್ಲಿ ಕೂತು
ಪೀಪಾಯಿಗೆ ಕೊಳವೆ ಬಿಟ್ಟು ಊದುತ್ತಿದ್ದಾನೆ,
ಉಪ್ಪುನೀರು ಕದಲದಿದ್ದರೆ ಕೆಡುತ್ತದೆ.
ಬುಳುಬುಳು ಸದ್ದು.
ಇವತ್ತು ಊದುವ ಸರದಿ ನನ್ನದಿತ್ತು.

ಇನ್ನೂ ನಲವತ್ತೆಂಟು ದಿನ ಇದೆ.
ಡಬ್ಬಿ ಇದ್ದಲ್ಲೇ ಇಟ್ಟೆ.
ಎರಡು ಮೊಟ್ಟೆ ಬೇಯಲಿಕ್ಕೆ ಹಾಕಿದೆ.